ಸೀಮೆಸುಣ್ಣದ ಚಿತ್ರ, ಮಳೆಯ ಲೆಕ್ಕ



ರಾಜ್ಯೋತ್ಸವ ಹತ್ತಿರ ಬಂತೆಂದರೆ ಮುಂಬೈ ಇರಲಿ, ಚೆನ್ನೈ ಇರಲಿ, ಕನ್ನಡ ಸಂಘಗಳಲ್ಲಿ ಒಂದೇ ಚರ್ಚೆ: ಬ್ಯಾನರ್ ಎಷ್ಟು, ಎಲ್ಲಿ ಕಟ್ಟೋದು? ಇವತ್ತು ಸ್ವಲ್ಪ ಕತ್ತು ಬಗ್ಗಿಸಿ ನೆಲದ ಕಡೆ ನೋಡೋಣ. ಫುಟ್‌ಪಾತ್ ಮೇಲೆ ಸೀಮೆಸುಣ್ಣದ ಚಿತ್ರ ಬರೆಸಿ ಪ್ರಚಾರ ಮಾಡುವುದರ ಬಗ್ಗೆ ನಾಲ್ಕು ಮಾತು.

ನೆಲದ ಮೇಲೆ ಬರೆಯೋದು ನಮಗೇನು ಹೊಸದಲ್ಲ. ಬೆಳಗಾದರೆ ಬಾಗಿಲಿಗೆ ರಂಗೋಲಿ ಬೇಕು. ಮೈಲಾಪುರದ ಜನವರಿ ಉತ್ಸವದಲ್ಲಿ ಉತ್ತರ ಮಾಡ ಬೀದಿಯ ತುಂಬ ಕೋಲಂ, ಗಿರಗಾಂವ್‌ನಲ್ಲಿ ಯುಗಾದಿಗೆ ದೊಡ್ಡ ದೊಡ್ಡ ರಂಗೋಲಿ. ಇಟಲಿಯ ಕುರ್ತಾತೋನೆ ಬಳಿಯ ಗ್ರಾಜಿಯೆ ಎಂಬ ಊರಲ್ಲಿ 1973ರಿಂದ ಪ್ರತಿ ಆಗಸ್ಟ್ 15ರ ಹೊತ್ತಿಗೆ ಚಿತ್ರಕಾರರು ಸೇರಿ ಬೀದಿಯಲ್ಲೇ ಬರೆಯುತ್ತಾರೆ. ಮೇರಿ ಮಾತೆಯ ಚಿತ್ರ ಬರೆಯುತ್ತಿದ್ದವರಾದ್ದರಿಂದ ಅವರಿಗೆ ‘ಮದೊನ್ನಾರಿ’ ಎಂದು ಹೆಸರು.

ನೆಲದಲ್ಲಿ ಗುಂಡಿ ಬಿದ್ದಂತೆ ಕಾಣುವ ಚಿತ್ರಗಳನ್ನು ನೋಡಿರುತ್ತೀರಿ. 1980ರ ದಶಕದಲ್ಲಿ ಇದನ್ನು ಬೆಳೆಸಿದವರು ಅಮೆರಿಕದ ಕರ್ಟ್ ವೆನ್ನರ್. ನಾಸಾದಲ್ಲಿ ಚಿತ್ರಕಾರರಾಗಿದ್ದವರು. ಗುಟ್ಟು ಇಷ್ಟೇ: ಚಿತ್ರವನ್ನು ಲೆಕ್ಕ ಹಾಕಿ ಉದ್ದಕ್ಕೆ ಎಳೆದು ಬರೆಯುತ್ತಾರೆ. ಒಂದೇ ಒಂದು ಜಾಗದಲ್ಲಿ ನಿಂತರೆ ಮಾತ್ರ ಅದು ಎದ್ದು ಕಾಣುತ್ತದೆ. ಆ ಜಾಗದಲ್ಲಿ ಎರಡು ಹೆಜ್ಜೆ ಗುರುತು ಬರೆದುಬಿಡಿ. ಜನ ತಾವೇ ನಿಂತು ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಬ್ಯಾನರ್ ಮುಂದೆ ಯಾರು ನಿಲ್ಲುತ್ತಾರೆ ಹೇಳಿ? ಚಿತ್ರ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ, ಬರೆಯುವುದನ್ನು ನೋಡುವುದೇ ಅರ್ಧ ಕಾರ್ಯಕ್ರಮ.

ಆದರೆ ಎಚ್ಚರ. 2001ರಲ್ಲಿ ಐಬಿಎಂ ಕಂಪನಿಯ ಲಿನಕ್ಸ್ ಪ್ರಚಾರಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದ ಫುಟ್‌ಪಾತ್‌ಗಳ ಮೇಲೆ ಅಚ್ಚು ಹಾಕಿದರು. ಅಳಿಸಿಹೋಗುವ ಸೀಮೆಸುಣ್ಣ ಎಂದುಕೊಂಡಿದ್ದದ್ದು ಎಲ್ಲ ಕಡೆ ಅಳಿಸಲಿಲ್ಲ. ಕಂಪನಿ ನಗರಕ್ಕೆ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು! ಹಾಗಾಗಿ ಮೊದಲು ಒಂದು ಮೂಲೆಯಲ್ಲಿ ಬರೆದು, ನೀರು ಹಾಕಿ ತೊಳೆದು ನೋಡಿ. ಪಾಲಿಕೆಯ ಅನುಮತಿ ತೊಗೊಳ್ಳಿ. ಇಲ್ಲವೇ ಸಂಘದ ಅಂಗಳವೇ ಸಾಕು. ನಡೆಯುವವರಿಗೆ ಒಂದು ಪಕ್ಕ ದಾರಿ ಬಿಡಿ.

ಕೊನೆಯದು, ನನಗೆ ಮುಖ್ಯ ಅನಿಸಿದ್ದು. ನಡುಮಧ್ಯಾಹ್ನ ಮಳೆ ಸುರಿದರೆ ನಷ್ಟ ಯಾರದ್ದು? ಬಹಳ ಕಡೆ “ಚಿತ್ರವೇ ಇಲ್ವಲ್ಲಪ್ಪ” ಎಂದು ಕಲಾವಿದನ ಕೈಗೆ ಅರ್ಧ ದುಡ್ಡು ಇಡುತ್ತಾರೆ. ಬಿಸಿಲಲ್ಲಿ ಮಂಡಿಯೂರಿ ದುಡಿದದ್ದು ಮಳೆಗೆ ತೊಳೆದುಹೋಗುತ್ತದೆಯೇ? ಬಾಡಿಗೆ ಶಾಮಿಯಾನಾ ನೆನೆದರೆ ಅದರ ಬಾಡಿಗೆ ಕಡಿಮೆ ಮಾಡುತ್ತೇವೆಯೇ? ಇಲ್ಲ ತಾನೆ. ಹಾಗಾದರೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ: ಮಳೆ ಬಂದರೂ ಪೂರ್ತಿ ಸಂಭಾವನೆ, ಸಾಮಾನಿನ ಖರ್ಚು ಮುಂಗಡ, ತಲೆ ಮೇಲೆ ನೆರಳು, ಕುಡಿಯಲು ನೀರು. ಚಿತ್ರದ ಮೂಲೆಯಲ್ಲಿ ಪ್ರಾಯೋಜಕರ ಹೆಸರಿನಷ್ಟೇ ದೊಡ್ಡದಾಗಿ ಅವರ ಹೆಸರೂ ಇರಲಿ. ನಾಳೆ ನೆಲದಲ್ಲಿ ಏನೂ ಉಳಿಯದಿದ್ದರೂ ಫೋಟೋದಲ್ಲಿ ಆ ಹೆಸರು ಉಳಿಯುತ್ತದೆ. ಮುಂದಿನ ಕೆಲಸ ಅವರಿಗೆ ಸಿಗೋದು ಅದರಿಂದಲೇ.

ಈ ಸಲ ನಿಮ್ಮ ಸಂಘದ ಅಂಗಳದಲ್ಲಿ ಯಾವ ಚಿತ್ರ? ಪತ್ರ ಬರೆದು ತಿಳಿಸಿ.