ಹರಿಹರದ ಸೇತುವೆ ಹೇಳುವ ಸಾಕ್ಷ್ಯ
(ಚಿಂತಾಮಣಿಯ ಸಭೆಯಲ್ಲಿ ಮಾಡಿದ ಭಾಷಣ)



ಚಿಂತಾಮಣಿಯ ಸಭೆಯಲ್ಲಿ ಹರಿಹರದ ಸೇತುವೆಯ ಪ್ರಸ್ತಾಪವೇಕೆಂದು ತಾವು ಕೇಳಬಹುದು. ನಮ್ಮದು ನಾಡಿನ ಮೂಡಣ ಅಂಚು. ತುಂಗಭದ್ರೆ ನಮಗೆ ದೂರದ ಹೊಳೆ. ಆದರೆ ಹರಿದು ಹಂಚಿಹೋದ ನಾಡು ಹೇಗೆ ಒಂದಾಗುತ್ತದೆಂಬುದಕ್ಕೆ ಆ ಸೇತುವೆಗಿಂತ ಮೇಲಾದ ಸಾಕ್ಷಿಯನ್ನು ನಾನು ಕಾಣೆನು.

ದಾವಣಗೆರೆಯಿಂದ ಹರಿಹರವನ್ನು ಹಾದು ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿ ಬಲು ಚಿಕ್ಕದು. ನಡುವೆ ತುಂಗಭದ್ರೆ ಹರಿಯುತ್ತಾಳೆ. ಎರಡು ದಡಗಳಲ್ಲಿಯೂ ಕನ್ನಡವೇ ಮಾತು, ಹರಿಹರೇಶ್ವರನೇ ದೈವ. ಆದರೂ 1956ರವರೆಗೆ ಒಂದು ದಡ ಮೈಸೂರಿನದು, ಇನ್ನೊಂದು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯದು. ಹೊಳೆ ದಾಟಿದರೆ ಕಾಯಿದೆ ಬೇರೆ, ಕಚೇರಿ ಬೇರೆ. ದಾವಣಗೆರೆಯವನ ವ್ಯಾಜ್ಯ ಮೇಲಿನ ನ್ಯಾಯಾಲಯಕ್ಕೆಂದು ಬೆಂಗಳೂರಿಗೆ ಹೋದರೆ, ರಾಣೆಬೆನ್ನೂರಿನವನದು ಮುಂಬಯಿಗೆ ಹೋಗಬೇಕಾಗಿತ್ತು.

ಇಂಥ ಗಡಿಯ ಮೇಲೆ 1868ರಲ್ಲಿಯೇ ಸೇತುವೆ ಎದ್ದಿತು. ಕಲ್ಲು ಇಟ್ಟಿಗೆಗಳ ಕಟ್ಟಡ. 60 ಅಡಿ ಹರವಿನ 14 ಕಮಾನುಗಳು. ಆಗ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು. ಬೆಂಗಳೂರಿನಿಂದ ಧಾರವಾಡಕ್ಕೆ ಹೆದ್ದಾರಿ ಬೇಕಾದುದು ಅವರ ಆಡಳಿತಕ್ಕೆ, ವ್ಯಾಪಾರಕ್ಕೆ. ಕನ್ನಡಿಗರನ್ನು ಕೂಡಿಸುವುದು ಅವರ ಉದ್ದೇಶವಾಗಿರಲಿಲ್ಲ. ಆದರೆ ಹಾದಿಯು ಕಟ್ಟಿಸಿದವನ ಉದ್ದೇಶಕ್ಕೆ ಕಟ್ಟುಬಿದ್ದು ಕೂಡುವುದಿಲ್ಲ. ಅದರ ಮೇಲೆ ಹತ್ತಿಯ ಬಂಡಿ ಸಾಗಿತು, ಮದುವೆಯ ದಿಬ್ಬಣ ನಡೆಯಿತು. ಕಾಯಿದೆಯು 1956ರ ನವೆಂಬರ್ 1ರಂದು ಮಾಡಿದ ಕೆಲಸವನ್ನು ಜನರ ಕಾಲುಗಳು 88 ವರ್ಷ ಮೊದಲೇ ಆರಂಭಿಸಿದ್ದವು. 1997ರಿಂದ ಆ ದಡಗಳು ದಾವಣಗೆರೆ, ಹಾವೇರಿ ಎಂಬ ಎರಡು ಜಿಲ್ಲೆಗಳಿಗೆ ಸೇರಿವೆ. ಆದರೆ ಹೊಳೆ ದಾಟಿದವನು ಈಗ ಪರರಾಜ್ಯದವನಾಗುವುದಿಲ್ಲ. ಏಕೀಕರಣದ ಫಲವೆಂದರೆ ಇದೇ.

ಇನ್ನೊಂದು ಮಾತನ್ನು ಗಮನಿಸಬೇಕು. ಸಾಲು ಕಮಾನುಗಳ ಸೇತುವೆಯಲ್ಲಿ ಪ್ರತಿಯೊಂದು ಕಮಾನೂ ಪಕ್ಕದ ಕಂಬವನ್ನು ಒತ್ತುತ್ತದೆ; ಆಚೆಯ ಕಮಾನು ಮರಳಿ ಒತ್ತುವುದರಿಂದಲೇ ಕಂಬ ನೆಟ್ಟಗೆ ನಿಲ್ಲುತ್ತದೆ. ಒಂದು ಕುಸಿದರೆ ನೆರೆಯದಕ್ಕೂ ಅಪಾಯ. ನಾಡಿನ ಸ್ಥಿತಿಯೂ ಹೀಗೆಯೇ. ಅಂಚಿನ ಕಮಾನು ಸಡಿಲವಾದರೆ ನಡುವಣದು ನೆಮ್ಮದಿಯಿಂದ ಇರಲಾರದು.

ನಾವು ಆ ಅಂಚಿನವರು. ಹೊನ್ನಾವರದ ಕಡಲತೀರದಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 69 ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳನ್ನು ಹಾದು, ನಮ್ಮೂರನ್ನು ಮುಟ್ಟಿ, ಚಿತ್ತೂರಿನ ಕಡೆಗೆ ಸಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ಅದು ನಾಚಿಕೆಯ ವಿಷಯವಲ್ಲ, ಕಲಹದ ವಿಷಯವಂತೂ ಅಲ್ಲವೇ ಅಲ್ಲ. ಹೆದ್ದಾರಿಯು ನೆರೆಯವರನ್ನು ಬರಮಾಡಿಕೊಳ್ಳಲಿ. ಆದರೆ ಮನೆಮಾತು ಯಾವುದೇ ಇರಲಿ, ಸಾರ್ವಜನಿಕ ವ್ಯವಹಾರದಲ್ಲಿ ನಮ್ಮೆಲ್ಲರನ್ನೂ ಕೂಡಿಸತಕ್ಕದ್ದು ಕನ್ನಡ. ಶಾಲೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಈ ಕಂಬ ಗಟ್ಟಿಯಾಗಿರಬೇಕು.

ಆದುದರಿಂದ ನನ್ನ ವೃತ್ತಿಬಾಂಧವರಲ್ಲಿ ಮೊದಲು ಬಿನ್ನವಿಸುತ್ತೇನೆ: ಕಕ್ಷಿಗಾರನು ತನ್ನ ದಾವೆಯನ್ನು ತಾನೇ ಓದಿಕೊಳ್ಳುವಂತೆ ಕನ್ನಡದಲ್ಲಿ ಬರೆಯೋಣ. ಜಮೀನು ಅವನದು, ಸೋಲು ಗೆಲುವು ಅವನದು. ಕಾಗದ ಮಾತ್ರ ಅವನಿಗೆ ಪರಭಾಷೆಯದಾಗುವುದು ನ್ಯಾಯವೆ? ಕಲ್ಲಿನ ಸೇತುವೆಯನ್ನು ಅನ್ಯರು ಕಟ್ಟಿಕೊಟ್ಟರು. ಈ ಸೇತುವೆಯನ್ನು ನಾವೇ ಕಟ್ಟಬೇಕು.