ಉತ್ತರಿಸದವರ ಲೆಕ್ಕ



2020ರಲ್ಲಿ ಕೊರೋನಾ ಹರಡಿದಾಗ ಸಂಶೋಧಕರು ಮನೆಮನೆಗೆ ಹೋಗುವಂತಿರಲಿಲ್ಲ. ಜನರ ಮದ್ಯಪಾನ ಹೆಚ್ಚಿತೇ, ತಗ್ಗಿತೇ ಎಂದು ತಿಳಿಯಲು ಯುರೋಪಿನ 21 ದೇಶಗಳಲ್ಲಿ ಏಪ್ರಿಲ್ 24ರಿಂದ ಜುಲೈ 22ರವರೆಗೆ ಅಂತರ್ಜಾಲದಲ್ಲೇ ಸಮೀಕ್ಷೆ ನಡೆಸಿದರು. ಹಿಂದಿನ ಒಂದು ವರ್ಷದಲ್ಲಿ ಮದ್ಯ ಸೇವಿಸಿದ್ದ 31,964 ಮಂದಿಯ ಉತ್ತರಗಳನ್ನು ಪರಿಶೀಲಿಸಲಾಯಿತು. ಹೆಚ್ಚಿನ ದೇಶಗಳಲ್ಲಿ ಸರಾಸರಿ ಸೇವನೆ ಇಳಿದಿತ್ತು, ಬ್ರಿಟನ್ನಿನಲ್ಲಿ ಏರಿತ್ತು.

ಇಂಥ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಪ್ರಶ್ನೆಗಳನ್ನು ಭಾಷಾಂತರಿಸಿದರಷ್ಟೇ ಸಾಲದು, ಅಳತೆಯನ್ನೂ ಹೊಂದಿಸಬೇಕು. ಮದ್ಯದ ಒಂದು ಪ್ರಮಾಣವೆಂದರೆ ಬ್ರಿಟನ್ನಿನಲ್ಲಿ 8 ಗ್ರಾಂ ಆಲ್ಕೋಹಾಲ್, ಅಮೆರಿಕದಲ್ಲಿ 14 ಗ್ರಾಂ.

ಹೆಸರು ಹೇಳಬೇಕಿಲ್ಲದಿದ್ದರೆ ಜನ ಸಂಕೋಚವಿಲ್ಲದೆ ಉತ್ತರಿಸುತ್ತಾರೆ. ಇದು ಲಾಭ. ಆದರೆ ಮನಸ್ಸು ಬಂದವರು ಮಾತ್ರ ಉತ್ತರಿಸುತ್ತಾರೆ. ಇಂಟರ್ನೆಟ್ ಇಲ್ಲದ ಬಡವ, ಚಟದಲ್ಲಿ ಮುಳುಗಿದ ರೋಗಿ ಸುಲಭವಾಗಿ ಹೊರಗುಳಿಯುತ್ತಾರೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ಕುಡಿತದಿಂದಲೇ ಸತ್ತವರು 8,974 ಮಂದಿ. ಹಿಂದಿನ ವರ್ಷಕ್ಕಿಂತ ಶೇ. 18.6 ಹೆಚ್ಚು. ಅಂಥವರ ಸಂಕಟ ಸರಾಸರಿಯಲ್ಲಿ ಕಾಣುವುದಿಲ್ಲ.

ವಿದ್ಯಾರ್ಥಿಗಳೇ, ನಾಳೆ ನೀವು ವೈದ್ಯರೋ ಅಧಿಕಾರಿಗಳೋ ಆಗಿ ಅಂಕಿಅಂಶ ಓದುವಾಗ ‘ಎಷ್ಟು ಮಂದಿ ಉತ್ತರಿಸಿದರು?’ ಎಂದಷ್ಟೇ ಕೇಳಬೇಡಿ, ‘ಯಾರು ಉತ್ತರಿಸಲಿಲ್ಲ?’ ಎಂದೂ ಕೇಳಿ. ನೆರವು ಮೊದಲು ತಲುಪಬೇಕಾದವರು ಅವರೇ ಆಗಿರಬಹುದು.