ತಿರುಗದೆಯೇ ದಿಕ್ಕು ಬದಲಿಸುವ ಆಂಟೆನಾ



ಉರ್ದು, ಕನ್ನಡ ಕಲಿಸುವವರಿಗೆ ಆಂಟೆನಾ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಪಾಠವು ಮಕ್ಕಳಿಗೆ ತಲುಪುವ ದಾರಿಯ ವಿಷಯವಿದು, ಅದಕ್ಕೇ ಮಾತನಾಡುತ್ತಿದ್ದೇನೆ.

2004ರಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಕ್ಕಳು ಅದರ ಮೂಲಕ ಪಾಠ ನೋಡಿದರು. ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದ ಅದು ನಮಗೆ ಒಂದೇ ಕಡೆ ನಿಂತಂತೆ ಇರುತ್ತಿತ್ತು. ಶಾಲೆಯ ಮೇಲೆ ಡಿಶ್ ನೆಟ್ಟರೆ ಸಾಕಿತ್ತು. ಈಗಿನ ಇಂಟರ್‌ನೆಟ್ ಉಪಗ್ರಹಗಳಲ್ಲಿ ಹಲವು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಾ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿಬಿಡುತ್ತವೆ. ಡಿಶ್ಶನ್ನು ತಿರುಗಿಸುತ್ತಾ ಕೂರುವವರು ಯಾರು?

ಇದಕ್ಕೊಂದು ಉಪಾಯವಿದೆ. ನಮ್ಮ ಹೊಸಕೆರೆಹಳ್ಳಿಯ ಹೆಸರಿನಲ್ಲೇ ಕೆರೆ ಇದೆಯಲ್ಲ, ಅಂಥ ಕೆರೆಯ ದಂಡೆಯಲ್ಲಿ ಹತ್ತು ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ಕಲ್ಲು ಹಾಕಿದರೆ ಅಲೆ ನೇರ ಮುಂದಕ್ಕೆ ಹೋಗುತ್ತದೆ. ಎಡಗಡೆಯಿಂದ ಶುರುಮಾಡಿ ಒಬ್ಬೊಬ್ಬರೂ ತುಸು ತಡವಾಗಿ ಹಾಕಿದರೆ ಅಲೆ ಬಲಕ್ಕೆ ವಾಲುತ್ತದೆ. ಯಾರೂ ನಿಂತ ಜಾಗ ಬಿಟ್ಟಿಲ್ಲ! ನೂರಾರು ಪುಟ್ಟ ಆಂಟೆನಾಗಳನ್ನು ಜೋಡಿಸಿ, ಒಂದೊಂದರ ಅಲೆಯನ್ನೂ ಬೇಕಾದಷ್ಟು ತಡಮಾಡಿದರೆ ಆಯಿತು. 1970ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕದ ಸಾವಿರ ಡೈಪೋಲುಗಳು ಹೀಗೆಯೇ ನಿಂತಲ್ಲೇ ಆಕಾಶದ ಬೇರೆ ಬೇರೆ ಭಾಗ ನೋಡಿದವು.

ಕಷ್ಟವಿರುವುದು ಬೆಲೆಯಲ್ಲಿ. ಪ್ರತಿಯೊಂದು ಪುಟ್ಟ ಆಂಟೆನಾಕ್ಕೂ ತಡಮಾಡುವ ಎಲೆಕ್ಟ್ರಾನಿಕ್ ಭಾಗ ಬೇಕು. ಬೆಲೆ ಇಳಿಯದಿದ್ದರೆ ಈ ಸೌಲಭ್ಯವೂ ಹಣವಿದ್ದ ಶಾಲೆಗೇ ಮೊದಲು.

ಆ ಕೆಲಸವನ್ನು ದ್ರವ ಸ್ಫಟಿಕಕ್ಕೆ ವಹಿಸಬಹುದು. ಕ್ಯಾಲ್ಕುಲೇಟರ್, ಟಿ.ವಿ. ಪರದೆಯಲ್ಲಿರುವುದೂ ಇದೇ ಜಾತಿಯ ವಸ್ತು. ಕಡ್ಡಿಯಂತಹ ಇದರ ಅಣುಗಳು ವೋಲ್ಟೇಜ್ ಕೊಟ್ಟಾಗ ಹೊರಳಿ ನಿಲ್ಲುತ್ತವೆ. ಆಗ ಅದರ ಮೂಲಕ ಸಾಗುವ ರೇಡಿಯೋ ಅಲೆಯ ವೇಗ ಬದಲಾಗುತ್ತದೆ. ವೇಗ ಬದಲಾದರೆ ತಡವೂ ಬದಲಾದಂತೆ. ಅಮೆರಿಕದ ಕೈಮೆಟಾ ಕಂಪನಿ ದ್ರವ ಸ್ಫಟಿಕವನ್ನು ತುಸು ಬೇರೆ ರೀತಿಯಲ್ಲಿ ಬಳಸಿ, ಟಿ.ವಿ. ಪರದೆ ಮಾಡುವ ವಿಧಾನದಲ್ಲೇ ಆಂಟೆನಾ ತಯಾರಿಸಿದೆ. ದೋಷಗಳೂ ಇವೆ: ಅಲೆಯ ಶಕ್ತಿ ಸ್ವಲ್ಪ ನಷ್ಟವಾಗುತ್ತದೆ, ಚಳಿಯಲ್ಲಿ ಅಣುಗಳು ಮಂದವಾಗುತ್ತವೆ. ಬೇರಿಯಂ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಇನ್ನೊಂದು ವಸ್ತು ಬಹಳ ಚುರುಕು. ಶಕ್ತಿನಷ್ಟದ ತಾಪತ್ರಯ ಅದಕ್ಕೂ ತಪ್ಪಿಲ್ಲ.

ಇದೆಲ್ಲ ದೂರದೇಶದ ವಿದ್ಯೆಯೆಂದು ತಿಳಿಯಬೇಡಿ. 1977ರಲ್ಲಿ ಇದೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಆಂಟೆನಾದಲ್ಲಿ ಬಳಸುವುದು ಕಡ್ಡಿಯಾಕಾರದ್ದು, ನಿಜ. ಆದರೂ ಪೋಷಕರಲ್ಲಿ ನನ್ನದೊಂದು ವಿನಂತಿ: ಮಗಳು ಭೌತಶಾಸ್ತ್ರ ಓದುತ್ತೇನೆಂದರೆ, ಕಂಪ್ಯೂಟರ್ ಕೋರ್ಸೇ ಆಗಬೇಕೆಂದು ಹಟ ಹಿಡಿಯಬೇಡಿ. ಮಕ್ಕಳೇ, ಪ್ರಶ್ನೆಗಳಿದ್ದರೆ ಈಗ ಕೇಳಿ.